ಬಿರಿದ ಅಕ್ಷರಗಳು

ಮನೆಯ ಸಾಮಾನು ಕಟ್ಟಲು ಶುರುಮಾಡುವ ಹಿಂದಿನ ದಿನ ಅಣ್ಣ ರಬಕವಿಯ ಸೀರೆ ಅಂಗಡಿಯೊಂದರ ಪೋಸ್ಟರ್ ಮುದ್ರಿಸುತ್ತಿದ್ದ. ಬೀಳಗಿ ತಾಲ್ಲೂಕಿನ ನಮ್ಮ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತದೆಂದು ತಿಳಿದು ವರ್ಷಗಳಾಗಿದ್ದವು. ಆದರೂ ಆ ದಿನ ಎಂದಿನಂತೆಯೇ ಇತ್ತು. ಮನೆಯ ಮುಂದಿನ ಕೋಣೆಯೇ ಪ್ರೆಸ್ಸು. ಸಣ್ಣ ಅಕ್ಷರಗಳು ಸೀಸದವು, ಗೇಣುದ್ದದ ದಪ್ಪ ಅಕ್ಷರಗಳು ಕಟ್ಟಿಗೆಯವು. ಸವೆದು ತಗ್ಗಾದ ಅಕ್ಷರ ಉಳಿದವುಗಳ ಸಮಕ್ಕೆ ಬರಲೆಂದು ಅದರ ಕೆಳಗೆ ಅಣ್ಣ ಬೀಡಿ ಕಟ್ಟಿನ ಕಾಗದ ಹರಿದು ಇಡುತ್ತಿದ್ದ. ಎಷ್ಟು ಪದರ ಬೇಕೆಂಬುದು ಅವನ ಹೆಬ್ಬೆರಳಿಗೆ ಗೊತ್ತಿತ್ತು. ನಾನು ಹಾಳೆ ಒಣಹಾಕುತ್ತಿದ್ದೆ.

ಮರುದಿನ ಅವನು ಪುನರ್ವಸತಿ ಕೇಂದ್ರದಲ್ಲಿ ಜಾಗ ನೋಡಲು ಹೋದ. ಹೊಸ ಮನೆಗೆ ಹಳೆಯ ಮಸಿ ಬೇಡವೆಂದು ನಾನು ಪಾತ್ರೆಗಳ ಜೊತೆ ಅಕ್ಷರಗಳನ್ನೂ ತೊಳೆದೆ. ಸೀಸದವನ್ನು ಬಿಸಿ ಸೋಡಾ ನೀರಿನಲ್ಲಿ ತೊಳೆಯುವುದು ಮೊದಲಿನಿಂದ ನನ್ನ ಕೆಲಸ. ಕಟ್ಟಿಗೆಯವನ್ನು ಅವನೇ ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಏಕೆಂದು ನಾನು ಕೇಳಿರಲಿಲ್ಲ. ಅವನ್ನೂ ಅದೇ ನೀರಿನಲ್ಲಿ ನೆನೆಹಾಕಿ, ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆ. ಎರಡು ದಿನ ಬಿಟ್ಟು ಅಣ್ಣ ಬರುವಷ್ಟರಲ್ಲಿ ಕಟ್ಟಿಗೆಯವೆಲ್ಲ ಬಿರಿದಿದ್ದವು.

ಅವನು ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟ.

“ಹೊಸಾ ಮನಿಗೆ ಜಳಕಾ ಮಾಡಿಸಿ ಕಳಸಾಕತ್ತೀದಿ, ತಂಗೆವ್ವಾ. ಅದಕ್ಯಾಕ ಅಳತಿ?” ಎಂದ.

ಒಪ್ಪಿಕೊಂಡಿದ್ದ ಕುಸ್ತಿ ಪೋಸ್ಟರನ್ನು ಅವೇ ಅಕ್ಷರಗಳಿಂದ ಮುದ್ರಿಸಿದ. ಕಪ್ಪಿನ ತುಂಬ ಬಿಳಿ ಸೀಳುಗಳು. ಕುಸ್ತಿ ನಡೆಸುವ ಗೌಡರು ಮೊದಲ ಹಾಳೆ ಹಿಡಿದು ನಕ್ಕರು.

“ಏನೋ ತಮ್ಮಾ, ನಮ್ಮ ಪೈಲ್ವಾನ ಕಣಕ್ಕ ಇಳಿಯೂಕಿಂತ ಮೊದ್ಲ ಎಲಬು ಮುರಕೊಂಡಾನಲ್ಲೋ.”

“ಎದುರಿನವಗ ಸ್ವಲ್ಪ ಧೈರ್ಯ ಬರ್ಲಿ ಬಿಡ್ರೀ ಗೌಡ್ರ,” ಎಂದ ಅಣ್ಣ.

ಗೌಡರು ಹಾಳೆ ಅಲ್ಲೇ ಬಿಟ್ಟು ಜಮಖಂಡಿಯಲ್ಲಿ ಬೇರೆ ಮಾಡಿಸಿಕೊಂಡರು. ಊರು ಬಿಡುವಾಗ ಕಟ್ಟಿಗೆ ಅಕ್ಷರಗಳ ಚೀಲವನ್ನು ಅಣ್ಣ ಗಾಡಿಗೆ ಹಾಕಲಿಲ್ಲ. ನೀರು ಬಂತು. ಅವನು ಪ್ರೆಸ್ಸು ಬಿಟ್ಟು ಬನಹಟ್ಟಿಯಲ್ಲಿ ಪವರ್‌ಲೂಮಿನ ಕೆಲಸಕ್ಕೆ ಸೇರಿದ. ಆಮೇಲೆ ಹನ್ನೊಂದು ವರ್ಷ ಬದುಕಿದ. ಒಮ್ಮೆಯೂ ಆ ಮಾತು ಎತ್ತಲಿಲ್ಲ. ತಪ್ಪಾಯಿತೆಂದು ನಾನೂ ಹೇಳಲಿಲ್ಲ.

ನಾನೀಗ ಜಮಖಂಡಿಯ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರ್ ಡಿಸೈನ್ ಮಾಡುತ್ತೇನೆ. ಮುಧೋಳ ಕಡೆಯ ಕಬಡ್ಡಿ ತಂಡದವರು ಮೊಬೈಲಿನಲ್ಲಿ ಸಿನಿಮಾ ಪೋಸ್ಟರ್ ತೋರಿಸಿ, “ಅಕ್ಕಾರ, ಇಂಥಾವ ಬೇಕ್ರೀ. ದಪ್ಪಗ, ಒಡದಂಗ, ಸವದಂಗ,” ಎನ್ನುತ್ತಾರೆ. ಅಂಥ ಇಂಗ್ಲಿಷ್ ಫಾಂಟುಗಳು ರಾಶಿ ಇವೆ. ಕನ್ನಡದಲ್ಲಿ ನನಗೆ ಸಿಕ್ಕವು ಕೆಲವೇ. ಅವುಗಳಲ್ಲೂ ಎಲ್ಲ ಅಕ್ಷರಕ್ಕೆ ಒಂದೇ ಗೀರು, ಒಂದೇ ಕಡೆ. ಕಟ್ಟಿಗೆ ಹಾಗೆ ಬಿರಿಯುವುದಿಲ್ಲ.

ಅಣ್ಣ ತೀರಿಕೊಂಡ ಮೇಲೆ ಅವನ ಟ್ರಂಕು ತೆರೆದೆ. ತಳಕ್ಕೆ ಹಾಸಿದ್ದು ಕುಸ್ತಿಯ ಆ ಹಾಳೆ. ಅವನ ವರ್ಷದ ಕಾರ್ಯಕ್ಕೆ ಅವನ ಅಕ್ಷರಗಳಲ್ಲೇ ಬ್ಯಾನರ್ ಮಾಡಬೇಕೆಂದು ಹಾಳೆಯನ್ನು ಸ್ಕ್ಯಾನ್ ಮಾಡಿ, ಒಂದೊಂದೇ ಅಕ್ಷರ ಬಿಡಿಸಿಕೊಂಡೆ. ಸೀಳುಗಳನ್ನು ಮುಟ್ಟಲಿಲ್ಲ.

ಅಂಗಡಿಯ ಮಾಲೀಕರು ಹಿಂದೆ ನಿಂತು ನೋಡಿದರು. “ಭಾಳ ಛಲೋ ಅದಾವಲ್ಲ. ಎಲ್ಲಿ ಸಿಕ್ಕೂ?”

“ನಮ್ಮ ಅಣ್ಣನವು ರೀ,” ಎಂದೆ.

ಹಾಳೆಯಲ್ಲಿದ್ದವು ಇಪ್ಪತ್ತೊಂದು ಅಕ್ಷರ. ಅವನ ಹೆಸರಿನ ಮೊದಲ ಅಕ್ಷರ ಅವುಗಳಲ್ಲಿ ಇರಲಿಲ್ಲ. ಬೇರೆ ಅಕ್ಷರಗಳ ತುಂಡು ಕೂಡಿಸಿ ಮಾಡಿ ನೋಡಿದೆ. ಸೀಳು ಸುಳ್ಳೆಂದು ಕಾಣುತ್ತಿತ್ತು, ಅಳಿಸಿದೆ. ಬ್ಯಾನರ್ ಇಲ್ಲದೆಯೇ ಕಾರ್ಯ ಮುಗಿಯಿತು. ಆ ಒಂದು ಅಕ್ಷರ ಇನ್ನೂ ಇಲ್ಲ.