ಜಂಬಕ್ಕನ ದನಿಗೆ ಶ್ರುತಿ ಇಳಿಸುವ ಉಚ್ಚೆಂಗಮ್ಮ

ಬೆಳಗಿನ ಐದೂವರೆ. ಮರಿಯಮ್ಮನಹಳ್ಳಿಯ ರಸ್ತೆಯಲ್ಲಿ ಲಾರಿಗಳ ಸದ್ದು ಇನ್ನೂ ಏರಿಲ್ಲ. ತಗಡು ಹೊದಿಸಿದ ಪಡಸಾಲೆಯಲ್ಲಿ ಉಚ್ಚೆಂಗಮ್ಮ ಚಾಪೆ ಹಾಸಿ, ಕೀಬೋರ್ಡ್ ಇಟ್ಟು, ಅದರ ಪಕ್ಕ ಎರಡು ಕಪ್ಪು ಪೆಟ್ಟಿಗೆಗಳನ್ನು ಹೊಂದಿಸುತ್ತಿದ್ದಾರೆ. ಒಂದರಲ್ಲಿ ಹಾರ್ಮೋನಿಯಂ, ಶಹನಾಯಿ, ಕೊಳಲಿನ ದನಿಗಳಿವೆ. ಇನ್ನೊಂದರಲ್ಲಿ ಡೋಲಕ್, ತಾಳ, ಗಂಟೆ, ಸೀಟಿ. ಪೆಟ್ಟಿಗೆಗಳನ್ನು ಕೀಬೋರ್ಡಿಗೆ ಜೋಡಿಸುವ ‘ಮಿಡಿ’ ವೈರಿನ ದುಂಡನೆಯ ಪ್ಲಗ್ಗಿಗೆ ಐದು ಕಡ್ಡಿ. ಅವನ್ನು ಸೆರಗಿನಿಂದ ಒರೆಸಿ, ಕೀಬೋರ್ಡಿನ ಬೆನ್ನಿಗೆ ಚುಚ್ಚುತ್ತಾರೆ.

ಆರಕ್ಕೆ ಜಂಬಕ್ಕ ಬರಲಿದ್ದಾರೆ. ಅರವತ್ತನಾಲ್ಕರ ಈ ಹಿರಿಯ ನಟಿ ಕಳೆದ ಎಂಟು ತಿಂಗಳಿಂದ ರಂಗದ ಮೇಲೆ ಹಾಡಿಲ್ಲ. ಭಾನುವಾರ ಹೊಸಪೇಟೆಯಲ್ಲಿ ನಾಟಕವಿದೆ. ಅವರು ಬಾಯಿಬಿಟ್ಟು ಹಾಡುತ್ತಾರೋ, ಬೇರೆಯವರ ರೆಕಾರ್ಡಿಗೆ ತುಟಿ ಆಡಿಸುತ್ತಾರೋ ಎಂಬುದು ಈ ಪಡಸಾಲೆಯಲ್ಲೇ ತೀರ್ಮಾನವಾಗಬೇಕು. ಅವರ ಬಾಯಿ ಕಟ್ಟಿದ್ದು ತನ್ನದೇ ಕೈ ಎಂಬ ಕೊರಗು ಉಚ್ಚೆಂಗಮ್ಮನದು.

ಉಚ್ಚೆಂಗಮ್ಮನಿಗೆ ನಲವತ್ತೆರಡು. ಹೊಸಪೇಟೆ, ಕಂಪ್ಲಿ, ಸಂಡೂರು ಸುತ್ತಿನ ನಾಟಕ ತಂಡಗಳಿಗೆ ವರ್ಷಕ್ಕೆ ಎಪ್ಪತ್ತರಷ್ಟು ಆಟಗಳಲ್ಲಿ ವಾದ್ಯ ನುಡಿಸುತ್ತಾರೆ. ದಿನಾ ಎಂಟು ಗಂಟೆಗೆ ಶಾಲೆಯ ಬಿಸಿಯೂಟದ ಕೋಣೆ ಸೇರಿ ನೂರ ನಲವತ್ತು ಮಕ್ಕಳಿಗೆ ಅನ್ನ ಸಾರು ಮಾಡಬೇಕು. ವಾದ್ಯದ ಕೆಲಸಕ್ಕೆ ಉಳಿಯುವುದು ಬೆಳಗಿನ ಹೊತ್ತೇ. ಇನ್ನೊಂದು ಕಾರಣವೂ ಇದೆ. ಎದ್ದ ಗಳಿಗೆಯಲ್ಲಿ ಗಂಟಲು ಭಾರವಾಗಿರುತ್ತದೆ. ಆಗ ಎಟುಕಿದ ಶ್ರುತಿ ಸಂಜೆಗೆ ಎಟುಕಿಯೇ ಎಟುಕುತ್ತದೆ ಎಂದು ಹಾರ್ಮೋನಿಯಂ ಮಾಸ್ತರರಾಗಿದ್ದ ಅವರ ತಂದೆ ಹುಲುಗಪ್ಪ ಹೇಳುತ್ತಿದ್ದರು. ಅದಕ್ಕೇ ಪ್ರತಿ ನಾಟಕಕ್ಕೂ ಮೊದಲು ಹಾಡುವವರನ್ನು ಮನೆಗೆ ಕರೆದು, ಬೆಳಗಿನ ದನಿ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಅದರಲ್ಲಿ ಈಗ ಮೂವತ್ತೆಂಟು ಹೆಸರುಗಳಿವೆ.

ತಂದೆ ತೀರಿಕೊಂಡ ಮೇಲೆ ಮೊದಲ ಸಲ ವಾದ್ಯದ ಮುಂದೆ ಕುಳಿತಾಗ, ಊರಿನವರು ಬಂದು ಮಾಸ್ತರ್ ಎಲ್ಲಿ ಎಂದು ಕೇಳಿದ್ದರು. ಮಾಸ್ತರ್ ನಾನೇ ಎಂದರೆ ನಕ್ಕಿದ್ದರು. ಮುಂದೆ ತಂಡಗಳು ಸಣ್ಣವಾದವು, ನಾಲ್ಕು ಜನರ ಮೇಳ ಒಬ್ಬರಿಗೆ ಇಳಿಯಿತು. ಒಬ್ಬಳೇ ನಾಲ್ವರ ಕೆಲಸ ಮಾಡಲು ಈ ಪೆಟ್ಟಿಗೆಗಳು ಬೇಕಾದವು. ಹೊಸಪೇಟೆಯಲ್ಲಿ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುವ ಪಕ್ಕೀರಪ್ಪ, ಅಂಗಡಿಗೆ ಬಂದ ಹಳೆಯ ಪೆಟ್ಟಿಗೆಯೊಂದನ್ನು ಬೇರೆಯವರಿಗೆ ಮಾರದೆ ಆರು ತಿಂಗಳು ಬಟ್ಟೆ ಮುಚ್ಚಿ ಇವರಿಗಾಗಿ ಇಟ್ಟುಕೊಂಡಿದ್ದರು. ಇಂಗ್ಲಿಷಿನಲ್ಲಿದ್ದ ಅದರ ಪುಸ್ತಕವನ್ನು ಇಬ್ಬರೂ ಭಾನುವಾರಗಳಂದು ಕೂತು ಓದಿದರು. ಸ್ಟೂಲು ಒಂದೇ ಇತ್ತು. ಅದನ್ನು ಇವರಿಗೆ ಕೊಟ್ಟು ಪಕ್ಕೀರಪ್ಪ ನಿಂತೇ ಓದುತ್ತಿದ್ದರು.

“ಈ ವೈರಿನ್ಯಾಗ ದನಿ ಹೋಗಂಗಿಲ್ರಿ, ಬರೇ ಹೇಳಿಕಿ ಹೋಕ್ಕತಿ,” ಎಂದು ಉಚ್ಚೆಂಗಮ್ಮ ವಿವರಿಸುತ್ತಾರೆ. “ಕೀಬೋರ್ಡಿನ್ಯಾಗ ಯಾ ಮನಿ ಒತ್ತಿದೆ, ಎಷ್ಟು ಜೋರ್ ಒತ್ತಿದೆ, ಶಹನಾಯಿ ಸಾಕು ಕೊಳಲು ಊದು, ಹಿಂಗ. ಒಂದೊಂದು ಪೆಟ್ಟಿಗಿಗೆ ಒಂದೊಂದು ನಂಬರ್ ಐತಿ. ಯಾರ ನಂಬರ್ ಹಾಕ್ತೀವಿ, ಅವರಷ್ಟ ಕೇಳ್ತಾರ.”

ಎಂಟು ತಿಂಗಳ ಹಿಂದೆ ಕಂಪ್ಲಿಯ ನಾಟಕದಲ್ಲಿ ಉಚ್ಚೆಂಗಮ್ಮ ಎಡವಿದ್ದು ಈ ನಂಬರಿನಲ್ಲೇ. ಜಂಬಕ್ಕನ ದನಿ ಒಂದು ಕಾಲಕ್ಕೆ ಕರಿ ನಾಲ್ಕರ, ಅಂದರೆ ನಾಲ್ಕನೇ ಕಪ್ಪು ಮನೆಯ ಎತ್ತರದ ಶ್ರುತಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿತ್ತು. ಆ ದಿನ ಮಗನ ಹೆಣದ ಮುಂದೆ ತಾಯಿ ಹಾಡುವ ಹಾಡಿನ ಮೊದಲ ಚರಣಕ್ಕೇ ದನಿ ಒಡೆಯತೊಡಗಿತು. ಎರಡು ಚರಣಗಳ ನಡುವೆ ಸಂಭಾಷಣೆಯ ಮಾತು ಬಂದಾಗ ಉಚ್ಚೆಂಗಮ್ಮ ಗಡಿಬಿಡಿಯಲ್ಲಿ ಶ್ರುತಿ ಇಳಿಸುವ ಬಟನ್ ಮೂರು ಸಲ ಒತ್ತಿದರು. ಹಾರ್ಮೋನಿಯಂ ಸರಿಯಾಗಿಯೇ ಇಳಿಯಿತು. ಆದರೆ ನಂಬರ್ ಹಾಕದೆ ಒತ್ತಿದ್ದರಿಂದ ಹೇಳಿಕೆ ಡೋಲಕ್ಕಿನ ಪೆಟ್ಟಿಗೆಗೂ ಹೋಯಿತು. ಆ ಪೆಟ್ಟಿಗೆಯಲ್ಲಿ ಒಂದೊಂದು ಮನೆಗೂ ಒಂದೊಂದು ವಾದ್ಯ. ಮೂರು ಮನೆ ಕೆಳಗೆ ಸರಿದರೆ ಡೋಲಕ್ ಇದ್ದಲ್ಲಿ ಸೀಟಿ ಬರುತ್ತದೆ. ಹೆಣದ ಮುಂದೆ ಸೀಟಿ ಮೊಳಗಿತು. ಜನ ಬಿದ್ದು ಬಿದ್ದು ನಕ್ಕರು. ಕಣ್ಣುಮುಚ್ಚಿ ಹಾಡುತ್ತಿದ್ದ ಜಂಬಕ್ಕ, ಜನ ಸೀಟಿ ಹೊಡೆದದ್ದೂ ನಕ್ಕಿದ್ದೂ ತಮ್ಮ ದನಿಗೇ ಎಂದುಕೊಂಡು ಅಲ್ಲಿಗೇ ನಿಲ್ಲಿಸಿದರು.

ಮರುದಿನವೇ ಉಚ್ಚೆಂಗಮ್ಮ ಅವರ ಮನೆಗೆ ಹೋಗಿ ತಪ್ಪು ತನ್ನದೆಂದು ಹೇಳಿದರು. ಜಂಬಕ್ಕ ನಂಬಲಿಲ್ಲ. ಸಮಾಧಾನ ಮಾಡಲು ಬಂದಿದ್ದಾಳೆ ಎಂದುಕೊಂಡು ಚಹಾ ಕೊಟ್ಟು ಕಳಿಸಿದರು. ಆಮೇಲೆ ಎಷ್ಟು ಕರೆದರೂ ಬೆಳಗಿನ ತಾಲೀಮಿಗೆ ಬರಲಿಲ್ಲ. ಹೊಸಪೇಟೆಯ ಆಟ ನಿಗದಿಯಾದಾಗ ತಂಡದ ಯಜಮಾನ ನಾಗೇಂದ್ರಪ್ಪ ಮಾತ್ರ ಬೇಗ ತೀರ್ಮಾನಕ್ಕೆ ಬಂದರು. ರೆಕಾರ್ಡ್ ತರಿಸಿದ್ದೇನೆ, ಶುಕ್ರವಾರ ಸಂಜೆಯೊಳಗೆ ಬೇಡ ಎನ್ನದಿದ್ದರೆ ಅದನ್ನೇ ಹಾಕುವುದು ಎಂದರು. ಇಂದು ಶುಕ್ರವಾರ. ಕೊನೆಯ ಮಾತು ಹೇಳುವುದಕ್ಕಾದರೂ ಬರುತ್ತೇನೆಂದು ಜಂಬಕ್ಕ ಒಪ್ಪಿದ್ದಾರೆ.

ಆರಕ್ಕೆ ಅವರು ಬರುತ್ತಾರೆ, ಕೈಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿಯ ಪೊಟ್ಟಣ. ಉಚ್ಚೆಂಗಮ್ಮ ಉಪವಾಸವೇ ಶಾಲೆಗೆ ಓಡುತ್ತಾಳೆಂದು ಅವರಿಗೆ ಗೊತ್ತು. ಗೋಡೆಗೆ ಒರಗಿ ಕೂತು, ರೆಕಾರ್ಡೇ ಇರಲಿ ಬಿಡು, ನಗಿಸಿಕೊಂಡದ್ದು ಸಾಕು ಎನ್ನುತ್ತಾರೆ.

ಉಚ್ಚೆಂಗಮ್ಮ ವಾದಕ್ಕೆ ಇಳಿಯುವುದಿಲ್ಲ. ಕಂಪ್ಲಿಯಲ್ಲಿ ಮಾಡಿದಂತೆಯೇ ಬಟನ್ ಮೂರು ಸಲ ಒತ್ತಿ, ಅದೇ ಹಾಡಿನ ಎರಡನೇ ಚರಣ ನುಡಿಸುತ್ತಾರೆ. ದುಃಖದ ರಾಗದ ನಡುವೆ ಸೀಟಿ. ಮತ್ತೊಂದು ಸೀಟಿ. ಜಂಬಕ್ಕ ಮೊದಲು ಪೆಟ್ಟಿಗೆಯನ್ನು ನೋಡುತ್ತಾರೆ, ಆಮೇಲೆ ಉಚ್ಚೆಂಗಮ್ಮನನ್ನು. ಸೆರಗು ಬಾಯಿಗೆ ಹೋಗುತ್ತದೆ.

“ಲೇ ಉಚ್ಚೆಂಗಿ, ನನ್ನ ಮಗ ಸತ್ತು ಬಿದ್ದಾನ, ನಿನ್ನ ಪೆಟ್ಟಿಗಿ ಸೀಟಿ ಹೊಡೀತೈತಲ್ಲ. ಜನ ನಗದ ಏನ್ ಮಾಡ್ಯಾರು.”

ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು. ಎಂಟು ತಿಂಗಳು ಬಾಯಿಮಾತಿನಲ್ಲಿ ಹೇಳಲಾಗದ್ದನ್ನು ಎರಡು ನಿಮಿಷದ ತಪ್ಪು ಹೇಳಿಬಿಟ್ಟಿದೆ. ಅನಂತರ ಉಚ್ಚೆಂಗಮ್ಮ ತಾನು ಹೊಸದಾಗಿ ಕಟ್ಟಿಕೊಂಡದ್ದನ್ನು ತೋರಿಸುತ್ತಾರೆ. ಈಗ ಕಾಲಿನ ಪೆಡಲ್ ಒತ್ತಿದರೆ ಇಳಿಸುವ ಹೇಳಿಕೆ ರಾಗದ ಪೆಟ್ಟಿಗೆಯ ನಂಬರಿಗೆ ಮಾತ್ರ ಹೋಗುತ್ತದೆ, ಒಂದು ಒತ್ತಿಗೆ ಒಂದು ಮೆಟ್ಟು. ಡೋಲಕ್ಕಿನ ಪೆಟ್ಟಿಗೆಯ ನಂಬರ್ ಹತ್ತು, ಅದು ಅಲ್ಲಾಡುವುದಿಲ್ಲ. ಜಂಬಕ್ಕ ಮೆಲ್ಲಗೆ ಗುನುಗುತ್ತಾರೆ. ಕರಿ ನಾಲ್ಕರಿಂದ ಒಂದು ಮೆಟ್ಟು, ಎರಡು, ಮೂರು. ಬಿಳಿ ನಾಲ್ಕಕ್ಕೆ ಬಂದಾಗ ದನಿ ಬಾಯಿ ತುಂಬ ತೆರೆದುಕೊಳ್ಳುತ್ತದೆ. ಪಕ್ಕದ ಮನೆಯಾಕೆ ಕಸಬರಿಗೆ ಹಿಡಿದೇ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಏಳೂವರೆಗೆ ನಾಗೇಂದ್ರಪ್ಪನವರಿಗೆ ಫೋನು ಹೋಗುತ್ತದೆ, ರೆಕಾರ್ಡ್ ಬೇಡವೆಂದು.

ಭಾನುವಾರ ಸಂಜೆ ಆರು ಗಂಟೆ, ಹೊಸಪೇಟೆಯ ಸಭಾಂಗಣ. ರಂಗದ ಮುಂದೆ, ಎಲ್ಲರ ಕಣ್ಮಟ್ಟಕ್ಕಿಂತ ಕೆಳಗೆ ಉಚ್ಚೆಂಗಮ್ಮ ಕುಳಿತಿದ್ದಾರೆ. ತಾಯಿಯ ಅದೇ ಹಾಡಿನ ಮೂರನೇ ಚರಣಕ್ಕೆ ಮುಂಚೆ ಜಂಬಕ್ಕನ ಕೊರಳಿನ ನರ ಬಿಗಿಯುವುದನ್ನು ಅವರು ಕಾಣುತ್ತಾರೆ. ಮಾತು ನಡೆದಿರುವಾಗಲೇ ಪಾದ ಪೆಡಲನ್ನು ಒಮ್ಮೆ ಒತ್ತುತ್ತದೆ. ಹೊಸ ಶ್ರುತಿಯ ಎಳೆಯೊಂದು ಮೆಲ್ಲಗೆ ಕೇಳುತ್ತದೆ, ಜಂಬಕ್ಕ ಅದನ್ನೇ ಹಿಡಿದು ಏರುತ್ತಾರೆ. ಸಭೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಯಾರೂ ನಗುವುದಿಲ್ಲ. ಮುಂದಿನ ಸಾಲಿನಲ್ಲಿ ಮೂಗು ಸೆಳೆದುಕೊಳ್ಳುವ ಸದ್ದು.

ಪರದೆ ಬಿದ್ದ ಮೇಲೆ ಹೆಂಗಸರು ಜಂಬಕ್ಕನ ಕೈ ಹಿಡಿದು, ಇಪ್ಪತ್ತು ವರ್ಷದ ಹಿಂದಿನ ದನಿಯೇ ಇದೆ ಎನ್ನುತ್ತಾರೆ. ಜಂಬಕ್ಕ ಕೆಳಗಿದ್ದವಳತ್ತ ಬೆರಳು ತೋರಲು ಹೋದರೆ, ವೈರು ಸುತ್ತುತ್ತಿದ್ದ ಉಚ್ಚೆಂಗಮ್ಮ ಬೇಡವೆಂದು ತಲೆಯಾಡಿಸುತ್ತಾರೆ. ತಮ್ಮ ಕೆಲಸದ ಬಗ್ಗೆ ಹೇಳಿಕೊಳ್ಳಲಿಕ್ಕೆ ಏನೂ ಇಲ್ಲವೇ ಎಂದು ನಾವು ಕೇಳಿದರೆ ಪೆಟ್ಟಿಗೆಯ ಮುಚ್ಚಳ ಹಾಕುತ್ತಾ ನಗುತ್ತಾರೆ.

“ವಯಸ್ಸಾದಂಗ ದನಿ ಇನ್ನೂ ಇಳೀತೈತ್ರಿ. ಇಳೀಲಿ ಬಿಡ್ರಿ. ಎಷ್ಟು ಇಳಿದ್ರೂ ಹಿಡಿಯಾಕ ನಾ ಕೆಳಗ ಕುಂತಿರ್ತೀನಿ.”