ಅಮ್ಮ ಕಂಡ ಗರಡಿ

ನಮ್ಮಪ್ಪ ಮೈಸೂರಿನ ಗರಡಿಯಲ್ಲಿ ಬೆಳೆದ ಪೈಲ್ವಾನರು. ಮದುವೆಯಾದಂದಿನಿಂದ ಅವರ ಹಾಲು, ಬಾದಾಮಿ, ತುಪ್ಪ ಎಲ್ಲವನ್ನೂ ನೋಡಿಕೊಂಡವಳು ಅಮ್ಮ. ಆದರೆ ಹೆಂಗಸರು ಗರಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಒಳಗೇನು ಮಾಡ್ತೀರಿ ಎಂದು ಕೇಳಿದರೆ, "ನಿಂಗೆ ಅದೆಲ್ಲ ಅರ್ಥ ಆಗಲ್ಲ ಬಿಡು" ಎಂಬ ಒಂದೇ ಉತ್ತರ. ಒಮ್ಮೆಯಾದರೂ ಒಳಗೆ ಕೂತು ನೋಡಬೇಕೆಂಬ ಆಸೆ ಮಾತ್ರ ಅವಳನ್ನು ಬಿಡಲಿಲ್ಲ.

ಕಳೆದ ಬೇಸಿಗೆಯಲ್ಲಿ ಇಬ್ಬರನ್ನೂ ಬೆಂಗಳೂರಿನಿಂದ ಅಮೆರಿಕದ ಆಬರ್ನ್ ಹಿಲ್ಸ್‌ನ ನಮ್ಮ ಮನೆಗೆ ಕರೆತರುವಾಗ ನಾನು ಬೇಕೆಂದೇ ಟೋಕಿಯೋದಲ್ಲಿ ಇಳಿದೆ. ಅಲ್ಲಿನ ಸುಮೋ ಪೈಲ್ವಾನರ ಹಳೆಯ ಪೇಟೆಯನ್ನೂ ಅಲ್ಲೊಂದು ಗರಡಿಯನ್ನೂ ಕಾಲ್ನಡಿಗೆಯಲ್ಲಿ ತೋರಿಸುವ ಟೂರ್ ಬುಕ್ ಮಾಡಿದ್ದೆ. ಗೈಡ್ ಒಬ್ಬಳು ಚುರುಕು ಹುಡುಗಿ.

"ಗರಡಿ ತೋರ್ಸೋಕೆ ಹೆಣ್ಣುಮಗಳಾ?" ಅಪ್ಪ ಹುಬ್ಬೇರಿಸಿದರು.

ಬೀದಿಯಲ್ಲಿ ಹಿಂದಿನ ಜಟ್ಟಿಗಳ ಅಂಗೈ ಅಚ್ಚುಗಳಿದ್ದವು. ಅಪ್ಪ ಒಂದರ ಮೇಲೆ ಕೈಯಿಟ್ಟು, ಯಾರೂ ನೋಡಲಿಲ್ಲವೆಂದುಕೊಂಡು ತೆಗೆದರು. ಜುಟ್ಟು ಕಟ್ಟಿದ ಆನೆಯಂಥ ಪೈಲ್ವಾನನೊಬ್ಬ ಸೈಕಲ್ಲಿನಲ್ಲಿ ಹೋದಾಗ ಅಮ್ಮ ಸೈಕಲ್ಲಿಗಾಗಿ ಮರುಗಿದಳು.

ಗರಡಿಯ ಬಾಗಿಲು ಬಂದಾಗ ಅವಳು ತಾನಾಗಿ ಪಕ್ಕಕ್ಕೆ ಸರಿದಳು. "ನೀವು ಹೋಗ್ಬನ್ನಿ, ನಾನು ಇಲ್ಲೇ ಇರ್ತೀನಿ."

ಹೆಂಗಸರು ಅಖಾಡಕ್ಕೆ ಕಾಲಿಡುವಂತಿಲ್ಲ, ಆದರೆ ಜಗಲಿಯ ಮೇಲೆ ಕೂತು ನೋಡಬಹುದು ಎಂದಳು ಗೈಡ್. ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಅವಳತ್ತ ತಿರುಗಿ, "ಬಾರೇ" ಎಂದರು. ಅಮ್ಮ ಚಪ್ಪಲಿ ಬಿಟ್ಟು ಬಲಗಾಲಿಟ್ಟು ಒಳಗೆ ಹೋದಳು.

ಒಳಗೆ ಮಾತಾಡುವಂತಿರಲಿಲ್ಲ. ಎರಡು ಮೈಗಳು ಢಿಕ್ಕಿ ಹೊಡೆದಾಗಲೆಲ್ಲ ಅಮ್ಮ ನನ್ನ ತೋಳು ಚಿವುಟುತ್ತಿದ್ದಳು. ನನಗೋ ಅವಳ ಮುಖ ನೋಡುವುದೇ ಸಂಭ್ರಮ. ಅಭ್ಯಾಸ ಮುಗಿಯಿತು. ಅಷ್ಟು ದೊಡ್ಡ ಆಳುಗಳು ಪೊರಕೆ ಹಿಡಿದು, ಬಗ್ಗಿ, ಮೂಲೆಮೂಲೆ ಬಿಡದೆ ಅಖಾಡ ಗುಡಿಸತೊಡಗಿದರು. ಅಮ್ಮನ ಕಣ್ಣು ಅಲ್ಲೇ ನಿಂತಿತು.

ಹೊರಗೆ ಬಂದದ್ದೇ ಕೇಳಿದಳು: "ರೀ, ನಿಮ್ ಗರಡೀಲಿ ಯಾರು ಗುಡಿಸ್ತಿದ್ರು?"

"ನಾವೇ."

"ದಿನಾನೂ?"

"ದಿನಾನೂ," ಎಂದರು ಅಪ್ಪ, ಬೇರೆ ಕಡೆ ನೋಡುತ್ತ. ಮನೆಯಲ್ಲಿ ಅವರು ಪೊರಕೆ ಮುಟ್ಟಿದ್ದನ್ನು ನಾವ್ಯಾರೂ ಕಂಡಿಲ್ಲ.

"ಇದನ್ನಾ ಇಷ್ಟು ವರ್ಷ ಬಚ್ಚಿಟ್ಟಿದ್ದು!" ಅಮ್ಮ ನಡುಬೀದಿಯಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆಬರ್ನ್ ಹಿಲ್ಸ್‌ನಲ್ಲಿ ಮೊದಲ ಶನಿವಾರ. ವ್ಯಾಕ್ಯೂಮ್ ಸದ್ದಿಗೆ ಎದ್ದು ಬಂದರೆ ಅಪ್ಪ ಕಾರ್ಪೆಟ್ ಗುಡಿಸುತ್ತಿದ್ದರು. ಅಮ್ಮ ಸೋಫಾದ ಮೇಲೆ ಕಾಲು ಮಡಚಿ ಕಾಫಿ ಕುಡಿಯುತ್ತಿದ್ದಳು.

"ವೈ ಈಸ್ ತಾತಾ ವ್ಯಾಕ್ಯೂಮಿಂಗ್?" ನನ್ನ ಮಗಳು ಬೆರಗಾಗಿ ಕೇಳಿದಳು.

"ಅದು ಗರಡಿ ವಿಷ್ಯ," ಎಂದಳು ಅಮ್ಮ. "ನಿಂಗೆ ಅದೆಲ್ಲ ಅರ್ಥ ಆಗಲ್ಲ ಬಿಡು."