ಚಹಾ ಮುಗಿಯುವಷ್ಟರಲ್ಲಿ ಮೂಡುವ ಗೆರೆ

ತಂಗಿಯ ಕೈಗೆ ಮನೆಯಲ್ಲೇ ರಕ್ತಪರೀಕ್ಷೆ ಮಾಡುವ ಪಟ್ಟಿ ಬಂದ ವರ್ಷ ನಾನು ಹೊಟ್ಟೆಕಿಚ್ಚಿನಿಂದಲೇ ಸೊರಗಿದೆ. ಅಲ್ಲಿಯವರೆಗೆ ಮಲೇರಿಯಾ ಇದೆಯೋ ಇಲ್ಲವೋ ಎಂದು ಹೇಳುವವಳು ನಾನು. ಔರಾದದ ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಕಣ್ಣು ಸವೆಸಿದವಳು. ಮಳೆ ಕೈಕೊಟ್ಟು ಮುಂಬೈ, ಪುಣೆಗೆ ದುಡಿಯಲು ಹೋದವರು ಚಳಿಜ್ವರ ಹೊತ್ತು ನಮ್ಮೂರು ಡಾಬಕಾಕ್ಕೆ ಮರಳಿದರೆ, ಅವರ ರಕ್ತ ಸವರಿದ ಗಾಜು ಬಸ್ಸಿನಲ್ಲಿ ನನ್ನ ಬಳಿಗೆ ಬರುತ್ತಿತ್ತು. ನನ್ನ ಮಾತು ಹೊತ್ತು ತರುವ ಮರುದಿನದ ಬಸ್ಸಿಗೆ ಊರು ಕಾಯುತ್ತಿತ್ತು.

ತಂಗಿ ಡಾಬಕಾದಲ್ಲೇ ಆಶಾ ಕಾರ್ಯಕರ್ತೆ. ಬೆರಳು ಚುಚ್ಚಿ, ಪಟ್ಟಿಗೆ ರಕ್ತ ಹಾಕಿ, ಮೇಲೆ ಔಷಧದ ಹನಿ ಬಿಟ್ಟು, "ಚಾ ಇಡ್ರಿ" ಅನ್ನುವಳು. ಚಹಾ ಕುದಿಸಿ, ಸೋಸಿ, ಕುಡಿದು ಮುಗಿಸುವಷ್ಟರಲ್ಲಿ ಗೆರೆ ಮೂಡುತ್ತಿತ್ತು. ಒಂದಿದ್ದರೆ ಮಲೇರಿಯಾ ಇಲ್ಲ, ಎರಡಿದ್ದರೆ ಇದೆ. ಮನೆಮನೆಯಲ್ಲೂ ಅದೇ ಪದ್ಧತಿಯಾಯಿತು. ಅಷ್ಟು ವರ್ಷ ಗಾಜು ನೋಡಿದ ನನಗೆ ಯಾರು ಒಂದು ಕಪ್ ಚಹಾ ಕೊಟ್ಟಿದ್ದರು?

ಅವ್ವ ತಂಗಿಯ ಮನೆಯಲ್ಲೇ ಇದ್ದಳು. "ಅಂಗೈ ಹುಣ್ಣಿಗಿ ಕನ್ನಡಿ ಯಾಕ? ಗೆರಿ ಎದುರಿಗೇ ಕಾಣಸ್ತದ. ನಿನ್ನ ದುರ್ಬೀನು ಇನ್ನ ಮೂಲಿಗಿ ಇಡು" ಅಂದಳು. ಮೈಯೆಲ್ಲ ಉರಿಯಿತು.

ಆಮೇಲೆ ಅವ್ವನಿಗೇ ಜ್ವರ ಬಂತು. ಎರಡು ಗೆರೆ ಮೂಡಿದವು. ತಂಗಿ ಗುಳಿಗೆ ನುಂಗಿಸಿದಳು, ಜ್ವರ ಇಳಿಯಿತು. ವಾರ ಕಳೆದು ಮತ್ತೆ ಮೈ ಸುಟ್ಟಿತು, ಮತ್ತೆ ಅದೇ ಎರಡು ಗೆರೆ. "ಗುಳಿಗಿ ನಾಟಲಿಲ್ಲ. ನಾ ಇನ್ನ ಉಳಿಯಂಗಿಲ್ಲ" ಎಂದು ಅವ್ವ ಊಟ ಬಿಟ್ಟಳು.

ತಂಗಿ ಫೋನು ಮಾಡಿದಳು. "ಅಕ್ಕಾ, ನನಗ ತಿಳೀವಲ್ದು. ನೀನ ನೋಡು."

ಸುಳ್ಳೇಕೆ ಹೇಳಲಿ, ಆ ಮಾತು ಬೆಲ್ಲ ತಿಂದಂತಿತ್ತು. ರೋಗ ಹೋದ ಮೇಲೂ ಕೆಲ ದಿನ ಆ ಪಟ್ಟಿ ಗೆರೆ ತೋರಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ಅವ್ವನನ್ನು ಔರಾದಕ್ಕೆ ಕರೆಸಿದೆ. ಗಾಜಿನ ಮೇಲೆ ಅವಳ ರಕ್ತ ಸವರಿ, ಇಂಚಿಂಚೂ ಹುಡುಕಿದೆ. ಒಂದೂ ಮಲೇರಿಯಾ ರೋಗಾಣು ಇರಲಿಲ್ಲ. ಡಾಕ್ಟರು ಗಂಟಲು ನೋಡಿ, ಇದು ಬೇರೆ ಜ್ವರ ಎಂದು ಔಷಧಿ ಕೊಟ್ಟರು.

ನನ್ನ ಮನೆಗೆ ಕರೆತಂದು ಮಲಗಿಸಿ, ಹೆಮ್ಮೆಯಿಂದಲೇ ಹೇಳಿದೆ. "ಅವ್ವಾ, ಮಲೇರಿಯಾ ಹೋಗ್ಯದ. ನಾನೇ ನೋಡೇನಿ."

ಅವ್ವ ಕೌದಿಯೊಳಗಿಂದ ಮುಖವನ್ನೂ ಹೊರಗೆ ಹಾಕಲಿಲ್ಲ. "ಸಣ್ಣಾಕೀನ ಕರಿ. ಅಕಿ ಹೇಳ್ಲಿ."

ಅವ್ವನ ಜೊತೆ ಬಂದಿದ್ದ ತಂಗಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆಯಾಡಿಸಿದೆ.

"ಅವ್ವಾ, ಮಲೇರಿಯಾ ಹೋಗ್ಯದ" ಅಂದಳು.

ಅವ್ವ ಕೌದಿ ಸರಿಸಿ ಎದ್ದು ಕೂತಳು. "ಹಂಗಾದ್ರ ಚಾ ಇಡ್ರಿ" ಅಂದಳು.

ಒಲೆ ಹಚ್ಚಿದವಳು ನಾನು.